ಕಿವಿಗೆ ಒಂದೇ, ಬರೆದರೆ ಬೇರೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ಮನೆಯಲ್ಲೇ ಟ್ಯೂಷನ್ ಕೊಡುತ್ತೇನೆ. ಬರುವವರು ಹೆಚ್ಚಾಗಿ ಕನ್ನಡ ಮೀಡಿಯಂ ಮಕ್ಕಳು. ಕಳೆದ ಮಳೆಗಾಲದಲ್ಲಿ ಒಬ್ಬ ಇಂಗ್ಲಿಷಿನಲ್ಲಿ ರಜಾ ಅರ್ಜಿ ಬರೆದು ತೋರಿಸಿದ. ಜ್ವರ ಬಂದು ವೀಕ್ ಆಗಿದ್ದೇನೆ ಅನ್ನಬೇಕಿತ್ತು. ಎರಡು 'ಇ' ಹಾಕಿದ್ದ. 'ನಾನು ವಾರ' ಎಂದಾಯಿತು! ನಕ್ಕೆ, ಬೈಯಲಿಲ್ಲ. ಕನ್ನಡ ಕಲಿತ ಕೈ ಕಿವಿಗೆ ಬಿದ್ದದ್ದನ್ನೇ ಬರೆಯುತ್ತದೆ.

ಹಾಗಾಗಿ ಒಂಟಿ ಪದಗಳ ಉಕ್ತಲೇಖನ ಮೊದಲು ನಿಲ್ಲಿಸಿ. ಸುಮ್ನೆ 'ನೈಟ್' ಎಂದರೆ ರಾತ್ರಿಯೋ, ಕುದುರೆ ಏರಿದ ಯೋಧನೋ? ಪೂರ್ತಿ ವಾಕ್ಯ ಹೇಳಿ ಬರೆಸಿ.

ಯೋಧನಿಗೆ ಮಾತ್ರ ಮುಂದೆ 'ಕೆ' ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಹಿಂದೆ ಆ 'ಕೆ'ಯನ್ನು ಉಚ್ಚರಿಸುತ್ತಿದ್ದರು. ಬಾಯಿಂದ ಬಿದ್ದುಹೋಯಿತು, ಕಾಗದದಲ್ಲಿ ಉಳಿಯಿತು. ನಮ್ಮ ಕನ್ನಡದಲ್ಲಿ ೞ ಎಂಬ ಅಕ್ಷರ ಎರಡೂ ಕಡೆಯಿಂದ ಹೋಯಿತು. ಹಳಗನ್ನಡದಲ್ಲಿ ಬದುಕುವ 'ಬಾಳ್'ಗೆ ೞ, ಕತ್ತಿಯ 'ಬಾಳ್'ಗೆ ಳ. ಈಗ ಎರಡಕ್ಕೂ ಳ. ಮಲಯಾಳ ಟೀಚರ್ 'ಏೞ್' ಎಂದು ಎಣಿಸುವಾಗ ನಾಲಿಗೆ ಹಿಂದಕ್ಕೆ ಮಡಚುತ್ತಾರಲ್ಲ, ಅದೇ ಆ ಹಳೆಯ ೞ. ಕಾಸರಗೋಡಿನ ಮಕ್ಕಳಿಗೆ ಇದು ತಟ್ಟನೆ ಹೊಳೆಯುತ್ತದೆ.

ಆಮೇಲೆ ಬೆರಳಿನ ಆಟ. ಕೇಳುವ 'ಹಿಯರ್' ಬರೆಸಿ, 'ಎಚ್' ಮೇಲೆ ಬೆರಳಿಡಿ. ಉಳಿಯುವುದು ಇ, ಎ, ಆರ್. ಕಿವಿ! ಮಾಂಸದ 'ಮೀಟ್'ನಲ್ಲಿ 'ಎಂ' ಮುಚ್ಚಿದರೆ 'ಈಟ್', ತಿನ್ನುವುದು. ಭೇಟಿಯ 'ಮೀಟ್'ನಲ್ಲಿ ಎರಡು 'ಇ'ಗಳು ಬಸ್‌ಸ್ಟಾಂಡಿನಲ್ಲಿ ಸಿಕ್ಕ ಗೆಳೆಯರ ಹಾಗೆ ಅಂಟಿಕೊಂಡು ನಿಂತಿವೆ.

ಜಾಸ್ತಿ ಗೋಳು ಕೊಡುವುದು 'ಬ್ರೇಕ್'. ನಾನು ಬ್ರೆಡ್ ತಂದು ಎದುರಿಗೇ ಮುರಿಯುತ್ತೇನೆ. ಬ್ರೆಡ್ಡಿಗೂ ಮುರಿಯುವ 'ಬ್ರೇಕ್'ಗೂ ಮೊದಲ ನಾಲ್ಕು ಅಕ್ಷರ ಒಂದೇ: ಬಿ, ಆರ್, ಇ, ಎ. ಇನ್ನೊಂದು ಸೈಕಲ್ಲಿನದ್ದು, ಕೊನೆಗೆ 'ಇ'. ತುಂಡು ತಿಂದವರು ಮರೆಯುವುದಿಲ್ಲ.

ಹೊರಗೆ ಹೋದಾಗ ಬೋರ್ಡುಗಳನ್ನೂ ಓದಿಸಿ. ನಮ್ಮ ದಾರಿಯ ಹಿಟ್ಟಿನ ಮಿಲ್ಲಿನ ಬೋರ್ಡಿನಲ್ಲಿ ಹಿಟ್ಟಿನ 'ಫ್ಲವರ್'ಗೆ ಹೂವಿನ 'ಫ್ಲವರ್' ಸ್ಪೆಲ್ಲಿಂಗ್ ಇದೆ. ಮಕ್ಕಳಿಗೆ ಹಬ್ಬ. ತಮಾಷೆಯೆಂದರೆ, ಇಂಗ್ಲಿಷಿನಲ್ಲೂ ಮೊದಲು ಇವೆರಡು ಒಂದೇ ಪದ. ಬೀಸಿದ ಧಾನ್ಯದ ನಯವಾದ ಭಾಗಕ್ಕೆ ಅದರ 'ಹೂವು' ಎನ್ನುತ್ತಿದ್ದರು. ಸ್ಪೆಲ್ಲಿಂಗ್ ಬೇರೆಯಾದದ್ದು ಆಮೇಲೆ. ಮಿಲ್ಲಿನವರಿಗೆ ಇದನ್ನು ಹೇಳಿದೆ.

"ಹಾಗಾದರೆ ಬೋರ್ಡು ಬದಲಿಸುವುದು ಬೇಡ ಅಲ್ವಾ ಟೀಚರೇ?" ಎಂದರು.