ಉಕ್ಕಿನ ಎರಕ: ಮೊದಲು ರೈಸರ್ ಲೆಕ್ಕ, ಆಮೇಲೆ ಕುಲುಮೆ

ಬೆಳಗಾವಿಯ ಉದ್ಯಮಬಾಗದಲ್ಲಿ ಮೊದಲ ನಾಲ್ಕು ವರ್ಷ ನಾನು ಬೀಡು ಕಬ್ಬಿಣದ ಎರಕವನ್ನಷ್ಟೇ ಮಾಡಿದ್ದೆ. ಆಮೇಲೆ ಉಕ್ಕಿನ ಫೌಂಡ್ರಿ ಸೇರಿದೆ. ಅಲ್ಲಿ ನನ್ನ ಪಾಲಿಗೆ ಬಂದ ಮೊದಲ ಕೆಲಸ 4 ಇಂಚಿನ ಗೇಟ್ ವಾಲ್ವ್ ಬಾಡಿ. ನೋಡೋಕೆ ಚೆನ್ನಾಗೇ ಬಂದಿತ್ತು. ಮಷೀನಿಂಗ್ ಆಯ್ತು, ನೀರು ತುಂಬಿಸಿ ಸುಮಾರು 30 ಬಾರ್ ಒತ್ತಡ ಕೊಟ್ಟೆವು. ಫ್ಲ್ಯಾಂಜ್ ಕತ್ತಿನ ಹತ್ತಿರ ಬೆವರಿನ ಹಾಗೆ ಒಂದು ಹನಿ ಮೂಡಿತು. ಬಟ್ಟೆಯಿಂದ ಒರೆಸಿದೆ. ಮತ್ತೆ ಅದೇ ಜಾಗದಲ್ಲಿ ಮೂಡಿತು. ಕತ್ತರಿಸಿ ನೋಡಿದರೆ ಒಳಗೆ ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತು. ಲೋಹ ಸರಿಯಿತ್ತು, ಮರಳೂ ಸರಿಯಿತ್ತು. ನಾನಿಟ್ಟ ರೈಸರ್ ಚಿಕ್ಕದಾಗಿತ್ತು.

ಬೀಡು ಕಬ್ಬಿಣ ಗಟ್ಟಿಯಾಗುವಾಗ ಒಳಗೆ ಗ್ರಾಫೈಟ್ ಹುಟ್ಟಿ ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಕುಗ್ಗಿದ ಜಾಗದ ಬಹುಪಾಲು ತಾನೇ ತುಂಬಿಕೊಳ್ಳುತ್ತದೆ. ಉಕ್ಕಿಗೆ ಆ ಅನುಕೂಲ ಇಲ್ಲ. ದ್ರವದಿಂದ ಗಟ್ಟಿಯಾಗುವಾಗ ಕುಗ್ಗುತ್ತದೆ, ಗಟ್ಟಿಯಾಗಿ ತಣ್ಣಗಾಗುವಾಗ ಇನ್ನೂ ಕುಗ್ಗುತ್ತದೆ. ಎರಡನೆಯದಕ್ಕೆ ಉಪಾಯ ಸುಲಭ: ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಅಂದರೆ ಪ್ಯಾಟರ್ನನ್ನೇ ಸುಮಾರು 2% ದೊಡ್ಡದು ಮಾಡಿಸಿ. ಡ್ರಾಯಿಂಗಿನಲ್ಲಿ 500 ಮಿ.ಮೀ. ಇದ್ದರೆ ಪ್ಯಾಟರ್ನ್ 510. ಮೊದಲನೆಯದಕ್ಕೆ ರೈಸರ್ ಬೇಕು. ಅಂದರೆ ಎರಕಕ್ಕೆ ಅಂಟಿಕೊಂಡೇ ಇದ್ದು, ಕುಗ್ಗಿದ ಜಾಗಕ್ಕೆ ದ್ರವ ಲೋಹ ಒದಗಿಸುವ, ಎಲ್ಲದಕ್ಕಿಂತ ಕೊನೆಗೆ ಗಟ್ಟಿಯಾಗುವ ಲೋಹದ ಹೊಂಡ.

ಡ್ರಾಯಿಂಗ್ ಕೈಗೆ ಬಂದ ಕೂಡಲೇ ಪೆನ್ಸಿಲ್ ತಗೊಂಡು ದಪ್ಪ ಜಾಗಗಳಿಗೆಲ್ಲ ಗುರುತು ಹಾಕಿ. ತೆಳು ಭಾಗ ಮೊದಲು ಗಟ್ಟಿಯಾಗಬೇಕು, ದಪ್ಪ ಭಾಗ ಆಮೇಲೆ, ರೈಸರ್ ಕೊನೆಗೆ. ಘನಗಾತ್ರವನ್ನು ಮೈ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಮಾಡ್ಯುಲಸ್ ಅಂತೀವಿ. ಅದು ಹೆಚ್ಚಿದಷ್ಟೂ ಗಟ್ಟಿಯಾಗೋದು ತಡ. ರೈಸರಿನ ಮಾಡ್ಯುಲಸ್ ಎರಕದ್ದಕ್ಕಿಂತ 1.2 ಪಟ್ಟು ಇರಲಿ. 50 ಮಿ.ಮೀ. ದಪ್ಪದ ಪ್ಲೇಟ್ ಇದೆ ಅಂದ್ಕೊಳ್ಳಿ. ಅದರ ಮಾಡ್ಯುಲಸ್ ದಪ್ಪದ ಅರ್ಧ, 25. ಹಾಗಾದರೆ ರೈಸರಿಗೆ 30 ಬೇಕು. ಎತ್ತರವೂ ವ್ಯಾಸವೂ ಒಂದೇ ಇರುವ ಗುಂಡು ರೈಸರಿನ ಮಾಡ್ಯುಲಸ್ ಅಂದರೆ ವ್ಯಾಸದ ಆರನೇ ಒಂದು ಪಾಲು. ಲೆಕ್ಕ ಮಾಡಿ: 180 ಮಿ.ಮೀ. ವ್ಯಾಸ. ಮೊದಲ ಸಲ ನೋಡಿದವರಿಗೆ ಇದು ಜಾಸ್ತಿ ಆಯ್ತು ಅನಿಸುತ್ತದೆ. ಮಾಲೀಕರಿಗಂತೂ ಅನಿಸಿಯೇ ಅನಿಸುತ್ತದೆ, ಕತ್ತರಿಸಿ ಮತ್ತೆ ಕರಗಿಸೋ ಲೋಹ ಅಲ್ವಾ? ಅದಕ್ಕೇ ಎಕ್ಸೋಥರ್ಮಿಕ್ ಸ್ಲೀವ್ ಹಾಕ್ತೀವಿ. ಅದು ತಾನೇ ಉರಿದು ರೈಸರನ್ನು ಬಿಸಿ ಇಡುತ್ತದೆ, ಗಾತ್ರ ಇಳಿಸಬಹುದು. ರೈಸರ್ ಕೂರದ ಮೂಲೆಯಲ್ಲಿ ದಪ್ಪ ಇದ್ದರೆ ಅಲ್ಲಿ ಚಿಲ್ ಇಡಿ. ಕಬ್ಬಿಣದ ಆ ತುಂಡು ಶಾಖ ಎಳೆದುಕೊಂಡು ಜಾಗವನ್ನು ಬೇಗ ಗಟ್ಟಿ ಮಾಡುತ್ತದೆ. ಚಿಲ್ ಮೇಲೆ ತುಕ್ಕು ಅಥವಾ ತೇವ ಇದ್ದರೆ ಅಲ್ಲೇ ಬ್ಲೋ ಹೋಲ್, ಅಂದರೆ ಗಾಳಿಯ ತೂತು, ಬರುತ್ತದೆ, ಉಜ್ಜಿ, ಕಾಯಿಸಿ ಇಡಿ.

ವಾಲ್ವ್ ಬಾಡಿಯಂಥ ಕೆಲಸಕ್ಕೆ ನಾವು ಬಳಸಿದ್ದು ಸಿಲಿಕೇಟ್ ಮರಳು. ಒಣಗಿದ ಸಿಲಿಕಾ ಮರಳಿಗೆ ಸುಮಾರು 4% ಸೋಡಿಯಂ ಸಿಲಿಕೇಟ್ ಕಲಸಿ, ಬಾಕ್ಸಿಗೆ ಬಡಿದು, ಕಾರ್ಬನ್ ಡೈಆಕ್ಸೈಡ್ ಬಿಡೋದು. ಕೆಲವೇ ಸೆಕೆಂಡಿನಲ್ಲಿ ಬೆರಳಿಟ್ಟರೂ ಒತ್ತದಷ್ಟು ಗಟ್ಟಿ. ಗ್ಯಾಸ್ ಜಾಸ್ತಿ ಬಿಟ್ಟರೆ ಅಂಚು ಪುಡಿಪುಡಿಯಾಗುತ್ತದೆ. ಅಚ್ಚಿನ ಮೈಗೆ ಝಿರ್ಕಾನ್ ಬಳಿದು, ಸ್ಪಿರಿಟ್ ಉರಿಸಿ ಒಣಗಿಸಿ. ಇಲ್ಲದಿದ್ದರೆ ಮರಳು ಉಕ್ಕಿಗೆ ಅಂಟಿ ಎರಕ ಉಜ್ಜಿ ಶುಚಿ ಮಾಡುವ ಫೆಟ್ಲಿಂಗಿನವರಿಗೆ ಕಷ್ಟ. ಮರಳಿನ ಧೂಳಿಗೆ ಸರಿಯಾದ ಮಾಸ್ಕ್ ಹಾಕಿ. ಕರ್ಚೀಫ್ ಕಟ್ಟಿಕೊಂಡರೆ ಸಾಲದು. ಆ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಬಂದರೆ ವಾಸಿಯಾಗಲ್ಲ.

ಕುಲುಮೆ ಬಗ್ಗೆ ಒಂದೇ ಮಾತು ಒತ್ತಿ ಹೇಳ್ತೀನಿ: ಸ್ಕ್ರಾಪ್ ಆರಿಸಿ. ಸಿಲಿಕಾ ಲೈನಿಂಗಿನ ಇಂಡಕ್ಷನ್ ಕುಲುಮೆಯಲ್ಲಿ ರಂಜಕ, ಗಂಧಕ ತೆಗೆಯೋಕೆ ಆಗಲ್ಲ. ಒಳಗೆ ಹೋದದ್ದು ಎರಕದಲ್ಲೇ ಉಳಿಯುತ್ತದೆ. ವಾಲ್ವ್‌ಗಳಿಗೆ ಬಳಸುವ ಡಬ್ಲ್ಯೂಸಿಬಿ ಅನ್ನೋ ಉಕ್ಕಿನ ಗ್ರೇಡಿಗೆ ಕಾರ್ಬನ್ 0.30% ದಾಟಬಾರದು, ಸ್ಯಾಂಪಲ್ ರಿಪೋರ್ಟ್ ಬರೋವರೆಗೆ ಟ್ಯಾಪ್ ಮಾಡಬೇಡಿ, ಅಂದರೆ ಕುಲುಮೆಯಿಂದ ಲೋಹ ಇಳಿಸಬೇಡಿ. ಲೋಹ ಹೊತ್ತೊಯ್ಯುವ ಲ್ಯಾಡಲ್ ಕೆಂಪಗೆ ಕಾದಿರಲಿ. ಟನ್ನಿಗೆ ಸುಮಾರು 1 ಕೆ.ಜಿ. ಅಲ್ಯುಮಿನಿಯಂ ಹಾಕಿದರೆ ಕರಗಿದ ಆಮ್ಲಜನಕ ಹಿಡಿದುಕೊಳ್ಳುತ್ತದೆ, ಪಿನ್ ಹೋಲ್ ತಪ್ಪುತ್ತದೆ. ಮೇಲೆ ತೇಲುವ ಕಸ, ಅಂದರೆ ಸ್ಲ್ಯಾಗ್ ಪೂರ್ತಿ ತೆಗೆದು, 1,580 ಡಿಗ್ರಿ ಆಸುಪಾಸಿನಲ್ಲಿ ಹೊಯ್ಯಿರಿ. ಒಮ್ಮೆ ಶುರು ಮಾಡಿದ ಧಾರೆ ನಡುವೆ ಕಡಿಯಬಾರದು. ಹೊಯ್ಯುವ ಜಾಗದ ನೆಲದಲ್ಲಿ ಒಂದು ಲೋಟ ನೀರು ಚೆಲ್ಲಿದ್ದರೂ ಕೆಲಸ ನಿಲ್ಲಿಸಿ. ಉಕ್ಕಿನ ಕೆಳಗೆ ಸಿಕ್ಕಿದ ನೀರು ಆವಿಯಾಗಿ ಸಿಡಿಯುತ್ತದೆ, ಎದುರಿಗಿದ್ದವರ ಜೀವಕ್ಕೇ ಅಪಾಯ.

ಎಲ್ಲದಕ್ಕೂ ಈ ಮರಳಿನ ದಾರಿಯೇ ಸರಿ ಅಂತಲ್ಲ. ರೈಲಿನ ಬೋಗಿ ಫ್ರೇಮ್, ಕಪ್ಲರ್, ದೊಡ್ಡ ಪಂಪ್ ಕೇಸಿಂಗ್, ಟರ್ಬೈನ್ ಹೌಸಿಂಗ್ ಇವೆಲ್ಲ ಮರಳಿನವೇ. ಅಂಗೈಯಗಲದ ಸ್ಟೇನ್‌ಲೆಸ್ ಇಂಪೆಲ್ಲರ್, ಚಿಕ್ಕ ವಾಲ್ವ್ ಬಿಡಿಭಾಗ ಬೇಕಾದರೆ ಮೇಣದ ಎರಕಕ್ಕೆ ಹೋಗಿ. ಮೇಣದ ಮಾದರಿಯನ್ನು ಸೆರಾಮಿಕ್ ಸ್ಲರಿಯಲ್ಲಿ ಅದ್ದಿ, ಮರಳು ಉದುರಿಸಿ, ಒಣಗಿಸಿ, ಹೀಗೇ ಏಳೆಂಟು ಪದರ. ಮೇಣ ಕರಗಿಸಿ ತೆಗೆದು, ಸುಟ್ಟು, ಬಿಸಿ ಅಚ್ಚಿಗೇ ಹೊಯ್ಯೋದು. ದುಬಾರಿ, ಆದರೆ ಮಷೀನಿಂಗ್ ತುಂಬಾ ಉಳಿಯುತ್ತದೆ. ಗೊಬ್ಬರ ಕಾರ್ಖಾನೆಯ ರಿಫಾರ್ಮರ್ ಪೈಪುಗಳನ್ನು ತಿರುಗುವ ಅಚ್ಚಿನಲ್ಲಿ ಹೊಯ್ಯುತ್ತಾರೆ. ಅಲ್ಲಿ ಒಳಗೆ ಟೊಳ್ಳು ಬಿಡಿಸುವ ಮರಳಿನ ಕೋರ್ ಬೇಕಿಲ್ಲ, ಹಗುರವಾದ ಕಸ ಒಳಮೈಗೆ ಬರುತ್ತದೆ, ಅದನ್ನು ಕೊರೆದು ತೆಗೆದರಾಯ್ತು. ಥರ್ಮೊಕೋಲ್ ಮಾದರಿ ಸುಡುವ ವಿಧಾನವನ್ನು ಕಡಿಮೆ ಕಾರ್ಬನ್ ಉಕ್ಕಿಗೆ ನಾನು ಸಲಹೆ ಮಾಡಲ್ಲ. ಸುಟ್ಟ ಮಾದರಿಯ ಕಾರ್ಬನ್ ಉಕ್ಕಿಗೆ ಸೇರುತ್ತದೆ.

ಜಲ್ಲಿ ಕ್ರಷರಿನಲ್ಲಿ ಕಲ್ಲು ಜಜ್ಜುವ ಜಾ ಪ್ಲೇಟ್ ಕತೆಯೇ ಬೇರೆ. ಅದು ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಮ್ಯಾಂಗನೀಸ್ ಉಕ್ಕು: ಮ್ಯಾಂಗನೀಸ್ 11ರಿಂದ 14%, ಕಾರ್ಬನ್ 1%ಗಿಂತ ಮೇಲೆ. ಸಿಲಿಕಾ ಮರಳಿನ ಜೊತೆ ಅದು ಪ್ರತಿಕ್ರಿಯಿಸುತ್ತದೆ, ಲೋಹ ತಾಗುವ ಮೈಗೆ ಆಲಿವಿನ್ ಅಥವಾ ಕ್ರೋಮೈಟ್ ಮರಳು ಹಾಕಿ. ಅಚ್ಚಿನಿಂದ ತೆಗೆದಾಗ ಸುತ್ತಿಗೆ ಏಟಿಗೆ ಒಡೆಯುವಷ್ಟು ಪೆಡಸು. ಸುಮಾರು 1,050 ಡಿಗ್ರಿಗೆ ಕಾಯಿಸಿ ತಕ್ಷಣ ನೀರಿಗೆ ಮುಳುಗಿಸಿದರೆ ಗಟ್ಟಿಮುಟ್ಟಾಗುತ್ತದೆ, ಕಲ್ಲಿನ ಏಟು ಬಿದ್ದಷ್ಟೂ ಮೇಲ್ಮೈ ಗಡುಸಾಗುತ್ತದೆ. ಕುಲುಮೆಯಿಂದ ತೊಟ್ಟಿಗೆ ಹೋಗುವಾಗ ತಡ ಮಾಡಿದರೆ ಪೆಡಸುತನ ಉಳಿದುಬಿಡುತ್ತದೆ. ಅದಕ್ಕೆ ತೊಟ್ಟಿ ಕುಲುಮೆಯ ಪಕ್ಕದಲ್ಲೇ ಇರಬೇಕು.

ಆ ವಾಲ್ವ್ ಬಾಡಿಗೆ ಆಮೇಲೆ ಏನು ಮಾಡಿದೆವು? ಕತ್ತಿನ ಮೇಲೆ ದೊಡ್ಡ ರೈಸರ್, ಸ್ಲೀವ್ ಸಮೇತ. ಹೊಸ ಪ್ಯಾಟರ್ನಿನ ಮೊದಲ ಪೀಸನ್ನು ಗಿರಾಕಿಗೆ ಕಳಿಸದೆ, ಅದೇ ಕತ್ತಿನ ಹತ್ತಿರ ನಡು ಸೀಳಿ, ಉಜ್ಜಿ ನೋಡಿದೆವು. ಒಂದೂ ತೂತಿರಲಿಲ್ಲ. ಅವತ್ತಿನಿಂದ ಯಾವ ಹೊಸ ಪ್ಯಾಟರ್ನ್ ಬಂದರೂ ಮೊದಲ ಪೀಸ್ ಗರಗಸಕ್ಕೇ ಹೋಗುತ್ತದೆ.