ನಡುವಿನ ದನಿ ಕೇಳಿಸುವ ತನಕ

ಕಳೆದ ವರ್ಷ ಆರಿದ್ರಾ ಮಳೆ ಹಂಚಿನ ಮೇಲೆ ಸುರಿಯುತ್ತಿದ್ದ ಒಂದು ರಾತ್ರಿ, ಹದಿನೆಂಟನೇ ಶತಮಾನದ ಜರ್ಮನ್ ಸಂಯೋಜಕ ಬಾಖ್‌ನ ಸಿ ಮೈನರ್ ಫ್ಯೂಗನ್ನು ನನ್ನ ಡಿಜಿಟಲ್ ಪಿಯಾನೋದಲ್ಲಿ ರೆಕಾರ್ಡ್ ಮಾಡಿ ಮುಗಿಸಿದೆ. ಬರೀ 31 ಬಾರ್‌ಗಳ ಕೃತಿ (ಬಾರ್ ಅಂದರೆ ನಮ್ಮ ತಾಳದ ಆವರ್ತನದ ಹಾಗೆ ಒಂದು ಅಳತೆ). ನುಡಿಸಿದರೆ ಎರಡು ನಿಮಿಷವೂ ಆಗುವುದಿಲ್ಲ. ನನಗೆ ಅದಕ್ಕೆ 14 ತಿಂಗಳು ಬೇಕಾಯಿತು. ಆ ತಿಂಗಳುಗಳಲ್ಲಿ ಏನೇನು ಮಾಡಿದೆ ಎಂದು ಬರೆಯುತ್ತಿದ್ದೇನೆ. ನಮ್ಮ ಕಡೆ ಹಾರ್ಮೋನಿಯಂ ನುಡಿಸುವವರು ಬಹಳ ಜನ ಇದ್ದಾರೆ. ಅವರಲ್ಲಿ ಯಾರಿಗಾದರೂ ಈ ಸಂಗೀತದ ಆಸೆ ಹುಟ್ಟಿದರೆ ಉಪಯೋಗಕ್ಕೆ ಬರಬಹುದು.

ನಮ್ಮ ಮನೆ ಶಿರಸಿಯಿಂದ ಸ್ವಲ್ಪ ಒಳಗೆ, ತೋಟದ ಪಕ್ಕ. ನಾನು ಕಲಿತದ್ದು ಹಾರ್ಮೋನಿಯಂ, ಊರಿನ ಭಜನೆಗೆ. ಆಮೇಲೆ ಕೆಲಸದ ಮೇಲೆ ಕೆಲವು ವರ್ಷ ಕಾರವಾರದ ಕೋಡಿಬಾಗದಲ್ಲಿ ಬಾಡಿಗೆಗೆ ಇದ್ದೆ. ಪಕ್ಕದ ಮನೆಯವರು ಚರ್ಚಿನಲ್ಲಿ ಹಾಡುವವರು. ಸ್ಟಾಫ್ ನೊಟೇಶನ್ ಓದುವುದನ್ನು ಅವರೇ ಹೇಳಿಕೊಟ್ಟರು. ಐದು ಗೆರೆ, ಚುಕ್ಕೆ, ಬಾಲ. ಒಂದು ಸಂಜೆ ಅವರು ಈ ಸಿ ಮೈನರ್ ಫ್ಯೂಗಿನ ಮೊದಲ ಎರಡು ಬಾರ್ ಬಾಯಲ್ಲಿ ಹಾಡಿ ತೋರಿಸಿದರು. ನನ್ನ ಕಿವಿಗೆ ಅದು ಸ್ವರವಾಗಿಯೇ ಕೇಳಿಸಿತು: ಸಾ ನಿ ಸಾ, ಪ ಧ, ಸಾ ನಿ ಸಾ ರೇ, ಪ. ಗ ಮತ್ತು ಧ ಕೋಮಲ, ನಿ ಶುದ್ಧ. ಇಡೀ ಸಾಲು ಕೀರವಾಣಿಯ ಸ್ವರಗಳ ಒಳಗೇ ಇದೆ. ಸಾ ಅಂದರೆ ಬಿಳಿ ಒಂದು. ಇಷ್ಟು ಪರಿಚಯದ್ದಾಗಿ ಕೇಳಿಸಿದ ಮೇಲೆ ಬಿಡುವುದು ಹೇಗೆ?

ಫ್ಯೂಗ್ ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಇದೇ ಕೃತಿಯಿಂದ ಹೇಳುತ್ತೇನೆ. ಒಂದು ದನಿ ಒಬ್ಬಂಟಿಯಾಗಿ ಆ ಸಾಲನ್ನು ಹೇಳುತ್ತದೆ. ಇಲ್ಲಿ ಅದು ನಡುವಿನ ದನಿ, ಆಲ್ಟೊ. ಮೂರನೇ ಬಾರ್‌ನಲ್ಲಿ ಮೇಲಿನ ದನಿ ಅದೇ ಸಾಲನ್ನು ಪಂಚಮದಿಂದ ಎತ್ತಿಕೊಳ್ಳುತ್ತದೆ. ಇದಕ್ಕೆ ಉತ್ತರ ಅನ್ನುತ್ತಾರೆ. ಮೊದಲ ದನಿ ಸುಮ್ಮನಾಗುವುದಿಲ್ಲ, ತನ್ನದೇ ಬೇರೆ ಮಾತು ಮುಂದುವರಿಸುತ್ತದೆ. ಏಳನೇ ಬಾರ್‌ನಲ್ಲಿ ಕೆಳಗಿನ ದನಿಯೂ ಅದೇ ಸಾಲು ಹಿಡಿದು ಬರುತ್ತದೆ. ಅಲ್ಲಿಂದ ಮುಂದೆ ಯಾರೂ ಮುಖ್ಯರಲ್ಲ, ಯಾರೂ ಪಕ್ಕವಾದ್ಯವಲ್ಲ.

ಉತ್ತರದಲ್ಲಿ ಒಂದು ಚಂದದ ಸಂಗತಿ ಇದೆ. ಮೊದಲ ಸಾಲಿನಲ್ಲಿ 'ಸಾ ನಿ ಸಾ ಪ' ಎಂದು ಇಳಿದದ್ದು ಉತ್ತರದಲ್ಲಿ 'ಪ ಮ ಪ ಸಾ' ಎಂದು ಇಳಿಯುತ್ತದೆ. ಆ ಮ ತೀವ್ರ. ಲೆಕ್ಕದ ಪ್ರಕಾರ ಕೊನೆಯದು ರೇ ಆಗಬೇಕಿತ್ತು. ಬಾಖ್ ಅದನ್ನು ಸಾ ಮಾಡಿ, ಮೂಲ ಸ್ವರವನ್ನು ಕಿವಿಯಿಂದ ಜಾರದ ಹಾಗೆ ಹಿಡಿದಿದ್ದಾನೆ. ಕೀರವಾಣಿ ಅಂದುಕೊಂಡು ಕೂತಿದ್ದ ನನಗೆ ತೀವ್ರ ಮಧ್ಯಮ ಬಂದ ಕೂಡಲೇ ನೆಲ ಸ್ವಲ್ಪ ಅಲ್ಲಾಡಿದ ಹಾಗಾಯಿತು. ಇದು ರಾಗ ಅಲ್ಲ, ಬೇರೆ ಲೋಕ.

ಈ ಕೃತಿ ಇರುವುದು 1722ರ 'ವೆಲ್ ಟೆಂಪರ್ಡ್ ಕ್ಲೇವಿಯರ್'ನ ಮೊದಲ ಭಾಗದಲ್ಲಿ. 24 ಮೇಜರ್, ಮೈನರ್ ಸ್ವರಶ್ರೇಣಿಗಳಿಗೆ 24 ಪ್ರಿಲ್ಯೂಡ್ (ಫ್ಯೂಗಿಗೆ ಮೊದಲು ನುಡಿಸುವ ಕೃತಿ), 24 ಫ್ಯೂಗ್. ಬಾಖ್‌ನ ಕಾಲದ ಮನೆಗಳಲ್ಲಿ ಇದ್ದದ್ದು ಹಾರ್ಪ್ಸಿಕಾರ್ಡ್ ಮತ್ತು ಕ್ಲಾವಿಕಾರ್ಡ್ ಎಂಬ ಕೀಬೋರ್ಡ್ ಇರುವ ತಂತಿವಾದ್ಯಗಳು. ಹಾರ್ಪ್ಸಿಕಾರ್ಡಿನಲ್ಲಿ ಜೋರಾಗಿ ಒತ್ತಿದರೂ ಮೆತ್ತಗೆ ಒತ್ತಿದರೂ ಸದ್ದು ಬಹುಮಟ್ಟಿಗೆ ಒಂದೇ. ಹಾಗಾಗಿ ಸ್ವರವನ್ನು ಎಷ್ಟು ಹೊತ್ತು ಹಿಡಿಯುತ್ತೇವೆ, ಯಾವಾಗ ಬಿಡುತ್ತೇವೆ ಅನ್ನುವುದೇ ಮಾತು. ಹಾರ್ಮೋನಿಯಂನವರಿಗೆ ಇದು ಹೊಸದಲ್ಲ. ಅಲ್ಲೂ ಬೆರಳಿನ ಜೋರಿಗೆ ಬೆಲೆ ಇಲ್ಲ, ಹಿಡಿಯುವುದಕ್ಕೂ ಬಿಡುವುದಕ್ಕೂ ಇದೆ.

ಆದರೆ ಹಾರ್ಮೋನಿಯಂನವರಿಗೆ ಒಂದು ದೊಡ್ಡ ಕೊರತೆ ಇದೆ. ಎಡಗೈ. ಇಪ್ಪತ್ತು ವರ್ಷ ನನ್ನ ಎಡಗೈ ಮಾಡಿದ್ದು ಗಾಳಿ ಹಾಕುವ ಕೆಲಸ ಮಾತ್ರ. ಅದಕ್ಕೆ ಹಾಡು ಗೊತ್ತಿರಲಿಲ್ಲ. ಮೊದಲ ಮೂರು ತಿಂಗಳು ಫ್ಯೂಗ್ ಮುಟ್ಟಲೇ ಇಲ್ಲ. ಗೊತ್ತಿದ್ದ ಭಜನೆಗಳನ್ನೆಲ್ಲ ಎಡಗೈಯಲ್ಲಿ ನುಡಿಸಿದೆ. ಆಮೇಲೆ ಬಾಖ್‌ನ ಇನ್ವೆನ್ಶನ್ ಎಂಬ ಎರಡು ದನಿಯ 15 ಸಣ್ಣ ಕೃತಿಗಳಲ್ಲಿ ನಾಲ್ಕನ್ನು ಕಲಿತೆ. ಹೊಸಬರಿಗೆ ನಾನು ಹೇಳುವುದೂ ಇದೇ ದಾರಿ. ಫ್ಯೂಗೇ ಬೇಕು ಅಂತಿದ್ದರೆ ಮೊದಲ ಭಾಗದ ಇ ಮೈನರ್ ಹಿಡಿಯಿರಿ. ಆ ಭಾಗದಲ್ಲಿ ಎರಡೇ ದನಿ ಇರುವ ಫ್ಯೂಗ್ ಅದೊಂದೇ. ಆದರೆ ವೇಗ ಜಾಸ್ತಿ.

ಡಿಜಿಟಲ್ ಪಿಯಾನೋ ಯಾಕೆ ಅಂದರೆ, ಮಲೆನಾಡಿನ ತೇವದಲ್ಲಿ ಮರದ ಪಿಯಾನೋ ಇಟ್ಟುಕೊಳ್ಳುವುದು ಕಷ್ಟ. ಮರ ಉಬ್ಬುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ಶ್ರುತಿ ನಿಲ್ಲುವುದಿಲ್ಲ. ಶ್ರುತಿ ಮಾಡುವವರನ್ನು ದೂರದಿಂದ ಕರೆಸಬೇಕು. ನಾನು ತೆಗೆದುಕೊಂಡದ್ದು 88 ಕೀಗಳ, ತೂಕವಿರುವ ಕೀಗಳ ಸಾಧಾರಣ ಮಾದರಿ. ಅದರ ನಿಜವಾದ ಲಾಭ ಗೊತ್ತಾದದ್ದು ಆಮೇಲೆ. ಒಂದೇ ಕೀಬೋರ್ಡಿನಲ್ಲಿ ಮೂರು ವಾದ್ಯ ಸಿಗುತ್ತವೆ, ಮೂರೂ ಬೇರೆ ಬೇರೆ ಪಾಠ ಹೇಳುತ್ತವೆ. ಆರ್ಗನ್ ಸದ್ದಿಗೆ ಹಾಕಿ ನುಡಿಸಿದರೆ ಯಾವ ಸ್ವರವನ್ನು ಬೇಗ ಬಿಟ್ಟೆ, ಯಾವುದನ್ನು ಇನ್ನೊಂದರ ಮೇಲೆ ಎಳೆದೆ ಎಂದು ತಕ್ಷಣ ಗೊತ್ತಾಗುತ್ತದೆ, ಯಾಕಂದರೆ ಆರ್ಗನ್ ಸ್ವರ ಬೆರಳು ಎತ್ತುವ ತನಕ ಕರಗುವುದಿಲ್ಲ. ಹಾರ್ಪ್ಸಿಕಾರ್ಡ್ ಸದ್ದಿನಲ್ಲಿ ಸ್ವರಗಳ ನಡುವಿನ ಸಣ್ಣ ಬಿಡುವು ಕಲಿತೆ. ರೆಕಾರ್ಡ್ ಮಾಡಿದ್ದು ಪಿಯಾನೋ ಸದ್ದಿನಲ್ಲಿ. ಬೆರಳು ಎತ್ತಿದರೂ ಸ್ವರವನ್ನು ನಿಲ್ಲಿಸಿಕೊಳ್ಳುವ ಸಸ್ಟೇನ್ ಪೆಡಲ್ ಪೂರ್ತಿ ತೆಗೆದಿಟ್ಟೆ. ಪೆಡಲ್ ಒತ್ತಿದರೆ ಮೂರು ದನಿ ಕಲಸಿ ಒಂದೇ ಆಗುತ್ತದೆ.

ಎಂಟನೇ ತಿಂಗಳಿಗೆ ಮೂರೂ ದನಿ ಕೈಗೆ ಬಂದವು ಅಂದುಕೊಂಡೆ. ಒಂದು ಮಧ್ಯಾಹ್ನ ಹೆಡ್‌ಫೋನ್ ತೆಗೆದು ಆಯಿಗೆ ನುಡಿಸಿ ತೋರಿಸಿದೆ. ಇದು ಮೂರು ಜನರ ಮಾತು ಎಂದು ಮೊದಲೇ ಹೇಳಿದ್ದೆ. ಆಯಿ ಪೂರ್ತಿ ಕೇಳಿ, "ಎರಡು ಜನ ಮಾತಾಡಿದಂಗೆ ಕೇಳ್ತು ತಮಾ" ಅಂದಳು.

ಅವತ್ತು ರಾತ್ರಿ ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಮಿಡಿ ರೆಕಾರ್ಡ್ ಮಾಡಿ ನೋಡಿದೆ. ಮಿಡಿಯಲ್ಲಿ ಸದ್ದು ಇರುವುದಿಲ್ಲ. ಯಾವ ಕೀ, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟದ್ದು, 127ರ ತನಕದ ಅಳತೆಯಲ್ಲಿ ಎಷ್ಟು ವೇಗದಲ್ಲಿ ಒತ್ತಿದ್ದು, ಇಷ್ಟು ಇರುತ್ತದೆ. ಮೇಲಿನ ದನಿ 70ರ ಆಸುಪಾಸು, ಕೆಳಗಿನದು 65. ನಡುವಿನದು ಒಮ್ಮೆ 60, ಮುಂದಿನ ಸ್ವರಕ್ಕೆ 34, ಮತ್ತೆ 52. ಎಷ್ಟೋ ಸ್ವರಗಳು ಅರ್ಧಕ್ಕೇ ಕಡಿದಿದ್ದವು. ಆಯಿಯ ಕಿವಿ ಸರಿಯಾಗಿತ್ತು.

ಕಾರಣ ಯೋಚಿಸಿದರೆ ಸ್ಪಷ್ಟ. ಮೇಲಿನ ದನಿಗೆ ಬಲಗೈ ಇದೆ, ಕೆಳಗಿನದಕ್ಕೆ ಎಡಗೈ ಇದೆ. ಆಲ್ಟೊಗೆ ತನ್ನದು ಅನ್ನುವ ಕೈಯೇ ಇಲ್ಲ. ಅದು ಬಲಗೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಇರುತ್ತದೆ. ಅಲ್ಲಿ ಸಾಲದಾದಾಗ ಎಡಗೈಗೆ ದಾಟುತ್ತದೆ. ದಾಟುವ ಕಡೆಯೆಲ್ಲ ನಾನು ಅದನ್ನು ಕೈಬಿಡುತ್ತಿದ್ದೆ.

ಮುಂದಿನ ನಾಲ್ಕು ತಿಂಗಳು ಆಲ್ಟೊ ಒಂದರದ್ದೇ ಕೆಲಸ. ನೊಟೇಶನ್ ಮೇಲೆ ಅದನ್ನು ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಮೊದಲು ಹಾಡಿದೆ, ಸ್ವರ ಹೇಳಿಕೊಂಡು. ಆಮೇಲೆ ಮೂರು ದನಿಗಳನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿದೆ, ಲಯ ತೋರಿಸುವ ಮೆಟ್ರೋನೋಮ್ ನಿಮಿಷಕ್ಕೆ 50 ಪೆಟ್ಟಿಗೆ ಇಟ್ಟು. ಒಂದು ಟ್ರ್ಯಾಕ್ ಮುಚ್ಚಿ, ಉಳಿದ ಎರಡರ ಜೊತೆ ಮುಚ್ಚಿದ್ದನ್ನು ನುಡಿಸುವುದು. ಕೊನೆಗೆ ಎರಡು ಕೈಯಲ್ಲಿ ಮೇಲಿನದು, ಕೆಳಗಿನದು ನುಡಿಸುತ್ತಾ ಆಲ್ಟೊವನ್ನು ಬಾಯಲ್ಲಿ ಹಾಡುವುದು. ಇದು ಬಹಳ ಕಷ್ಟ. ದಿನಕ್ಕೆ ಎರಡು ಬಾರ್ ಆದರೆ ಹೆಚ್ಚು. ಆದರೆ ಇದಕ್ಕೆ ಬೇರೆ ದಾರಿ ಇಲ್ಲ ಎಂದೇ ನನ್ನ ನಂಬಿಕೆ. ಹಾಡಲು ಬಾರದ ದನಿಯನ್ನು ಬೆರಳು ಹಿಡಿದಿಟ್ಟುಕೊಳ್ಳುವುದಿಲ್ಲ. ಒತ್ತಿದ ಕೀಯನ್ನು ಬಿಡದೆ ಅದರ ಮೇಲೆಯೇ ಬೆರಳು ಬದಲಿಸುವುದನ್ನೂ ಆಗಲೇ ಕಲಿತೆ.

ನಡುವೆ ಒಂದು ಕೀ ಕೆಟ್ಟಿತು. ಎಷ್ಟೇ ಮೆತ್ತಗೆ ಒತ್ತಿದರೂ ಕೋಮಲ ಧೈವತ ಕಿರುಚುತ್ತಿತ್ತು. ಪ್ರತಿ ಕೀಯ ಕೆಳಗೆ ರಬ್ಬರಿನ ಎರಡು ಸಂಪರ್ಕ ಇರುತ್ತವೆ. ಒಂದಾದ ಮೇಲೆ ಇನ್ನೊಂದು ತಾಗಲು ಹಿಡಿಯುವ ಹೊತ್ತಿನಿಂದ ಪಿಯಾನೋ ವೇಗ ಲೆಕ್ಕ ಹಾಕುತ್ತದೆ. ಮೊದಲನೆಯದರ ಮೇಲೆ ಕೊಳೆ ಕೂತರೆ ಅದು ತಡವಾಗಿ ತಾಗುತ್ತದೆ, ಎರಡರ ಅಂತರ ಕಡಿಮೆಯಾಗುತ್ತದೆ, ಸದ್ದು ಜೋರಾಗುತ್ತದೆ. ಬಿಚ್ಚಿ ಒರೆಸಿದ ಮೇಲೆ ಸರಿಹೋಯಿತು. ಅವತ್ತಿನಿಂದ ನುಡಿಸಿ ಮುಗಿದ ಕೂಡಲೇ ದಪ್ಪ ಬಟ್ಟೆ ಹೊದೆಸುತ್ತೇನೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುತ್ತೇನೆ.

ರೆಕಾರ್ಡಿಂಗ್ ವಿಷಯ ಜಾಸ್ತಿ ಇಲ್ಲ. ಮೊದಮೊದಲು ಮೊಬೈಲ್ ಎದುರಿಗೆ ಇಟ್ಟು ಮಾಡಿದ್ದೆ. ಕೀ ಬಡಿಯುವ ಟಕಟಕ, ಮಳೆ, ಜೀರುಂಡೆ ಎಲ್ಲ ಅದರಲ್ಲಿತ್ತು. ಆಮೇಲೆ ಪಿಯಾನೋದ ಸದ್ದು ಹೊರಬರುವ ಲೈನ್ ಔಟ್‌ನಿಂದ ಎರಡು ಕೇಬಲ್ ಎಳೆದು, ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಆಡಿಯೋ ಇಂಟರ್‌ಫೇಸಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಮೈಕ್ ಇಲ್ಲದ್ದರಿಂದ ಹೊರಗೆ ಎಷ್ಟೇ ಮಳೆ ಹೊಯ್ದರೂ ಒಳಗೆ ಬರುವುದಿಲ್ಲ. ಹುಂ ಎಂಬ ಸಣ್ಣ ಸದ್ದು ಮಾತ್ರ ಬರುತ್ತಿತ್ತು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದರೆ ಅದೂ ಹೋಯಿತು. ಹೇಗೂ ಕರೆಂಟ್ ನಂಬುವ ಹಾಗಿಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ, ಪಿಯಾನೋ ಇನ್ವರ್ಟರ್ ಮೇಲೆ ನಡೆಯಿತು. ಸದ್ದು ಒಡೆಯದಿರಲಿ ಎಂದು ಅದರ ಮಟ್ಟ ಮೈನಸ್ 12 ಡೆಸಿಬಲ್ ಮೀರದ ಹಾಗೆ ಇಟ್ಟೆ.

ಕಂಪ್ಯೂಟರಿನಲ್ಲಿ ಸ್ವರಗಳನ್ನು ತಾಳಕ್ಕೆ ಸರಿಯಾಗಿ ಕೂರಿಸುವ ಸೌಲಭ್ಯ ಇದೆ. ಒಮ್ಮೆ ಮಾಡಿ ನೋಡಿದೆ, ಕೇಳಿ ಬೇಸರವಾಗಿ ಅಳಿಸಿದೆ. ಮೂರು ದನಿಯೂ ಒಂದೇ ಕ್ಷಣಕ್ಕೆ ಬಿದ್ದಾಗ ಅವು ಬೇರೆ ಬೇರೆ ಅಂತ ಅನಿಸುವುದೇ ಇಲ್ಲ. ಕೂದಲೆಳೆಯಷ್ಟು ಹಿಂದುಮುಂದು ಇದ್ದರೇ ಅವು ಮೂರು ಜನ.

ಶ್ರುತಿಯನ್ನು ಮಾತ್ರ ಬದಲಿಸಿದೆ. ನನ್ನ ಪಿಯಾನೋದಲ್ಲಿ ವರ್ಕ್‌ಮೈಸ್ಟರ್ ಎಂಬ ಹಳೆಯ ಶ್ರುತಿ ಇದೆ. ಬಾಖ್ ತನ್ನ ಶ್ರುತಿಯ ಲೆಕ್ಕ ಬರೆದಿಟ್ಟಿಲ್ಲ, ಹಾಗಾಗಿ ಇದೇ ಸರಿ ಎಂದು ವಾದ ಮಾಡುವುದಿಲ್ಲ. ಆದರೆ ಈ ಫ್ಯೂಗಿನ ಉದ್ದಕ್ಕೂ ಮನಸ್ಸಿನಲ್ಲಿ ಉಳಿಯುವುದು ಕೋಮಲ ಗಾಂಧಾರ. ಕೊನೆಯ ಮೂರು ಬಾರ್‌ನಲ್ಲಿ ಕೆಳಗೆ ಸಾ ನಿಂತಿರುತ್ತದೆ, ಮೇಲೆ ಮೊದಲ ಸಾಲು ಕಡೆಯ ಸಲ ಬರುತ್ತದೆ, ಕಟ್ಟಕಡೆಗೆ ಶುದ್ಧ ಗಾಂಧಾರ ತೆರೆದುಕೊಳ್ಳುತ್ತದೆ. ವರ್ಕ್‌ಮೈಸ್ಟರಿನಲ್ಲಿ ಆ ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕೆ ಬಹಳ ಹತ್ತಿರ. ನಮ್ಮ ಕಿವಿಗೆ ಅದು ಮನೆಗೆ ಬಂದ ಹಾಗೆ.

ಆ ರಾತ್ರಿ ಹನ್ನೊಂದನೇ ಸಲ ನುಡಿಸಿದ್ದು ಉಳಿಯಿತು, ಮೆಟ್ರೋನೋಮ್ ಲೆಕ್ಕದಲ್ಲಿ 72. ಇಪ್ಪತ್ತೆರಡನೇ ಬಾರ್ ಹತ್ತಿರ ಆಲ್ಟೊ ಇನ್ನೂ ಸ್ವಲ್ಪ ಮಂಕು, ಗೊತ್ತಿದೆ. ಅದನ್ನು ತಿದ್ದಲಿಲ್ಲ.

ಈಗ ಅದೇ ಪುಸ್ತಕದ ಮೊದಲ ಫ್ಯೂಗ್ ಹಿಡಿದಿದ್ದೇನೆ, ಸಿ ಮೇಜರ್. ನಾಲ್ಕು ದನಿ, ಅದರದ್ದೇ ಒಂದು ಸಾಲು 24 ಸಲ ಬರುತ್ತದೆ, ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಾರೆ. ಈ ಸಲ ನಡುವೆಯೇ ಎರಡು ದನಿ ಇವೆ. ಸದ್ಯಕ್ಕೆ ಅವುಗಳಲ್ಲಿ ಕೆಳಗಿನದು, ಟೆನರ್ ಒಂದು ಬಾಯಿಗೆ ಬಂದಿದೆ.