ಮೂರು ಹೋಟೆಲು, ಮೂರು ಸೂಟ್‌ಕೇಸು

ಕಳೆದ ಬೇಸಗೆ ರಜೆಯಲ್ಲಿ ನಾವು ಐದು ಜನ ಬದಿಯಡ್ಕದಿಂದ ಹೊರಟು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗಿ ಬಂದೆವು. ನಾನು, ಗಂಡ, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಮತ್ತೆ ಎಪ್ಪತ್ತು ದಾಟಿದ ಅತ್ತೆ. ಎಂಟು ರಾತ್ರಿ ಅಲ್ಲಿದ್ದೆವು. ಆ ಎಂಟು ರಾತ್ರಿಗಳನ್ನು ಮೂರು ಹೋಟೆಲುಗಳಿಗೆ ಹಂಚಿದ್ದು ನಾನೇ.

"ಒಂದೇ ಕಡೆ ಉಳಿಯಬಾರದಾ? ಸಾಮಾನು ಹೊತ್ತುಕೊಂಡು ತಿರುಗುವುದು ಯಾಕೆ?" ಎಂದು ದುಬೈಯಲ್ಲಿರುವ ಅಣ್ಣ ಫೋನಿನಲ್ಲಿ ಕೇಳಿದ್ದ. ನಮ್ಮ ಊರಿನ ಲೆಕ್ಕದಲ್ಲೇ ಉತ್ತರ ಕೊಟ್ಟೆ. ಕುಂಬಳೆಯಲ್ಲಿ ರೂಮು ಮಾಡಿ ಒಂದು ದಿನ ಬೇಕಲ ಕೋಟೆ, ಇನ್ನೊಂದು ದಿನ ಮಧೂರು, ಮತ್ತೊಂದು ದಿನ ರಾಣಿಪುರಂ ಅಂತ ಹೋಗಿ ಬಂದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ ಅಲ್ವಾ? ಡಿಸ್ನಿಯ ಜಾಗ ಸುಮಾರು 100 ಚದರ ಕಿಲೋಮೀಟರ್ ಇದೆ. ಒಳಗೆ ನಾಲ್ಕು ದೊಡ್ಡ ಪಾರ್ಕುಗಳು. 1971ರಲ್ಲಿ ಶುರುವಾದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ಅವು ಒಂದಕ್ಕೊಂದು ತಾಗಿಕೊಂಡಿಲ್ಲ. ಮೊಣಕಾಲು ನೋವಿರುವ ಅತ್ತೆ ಪಾರ್ಕಿನ ಒಳಗೆ ಹೇಗೂ ನಡೆಯಬೇಕು. ರೂಮಿಗೆ ಬರುವ ದಾರಿಯಾದರೂ ಅವರಿಗೆ ಸುಲಭವಾಗಬೇಕು ಎನ್ನುವುದು ನನ್ನ ಹಟ.

ಮೊದಲು ಪಾರ್ಕುಗಳ ಸಾಲು ಬರೆದುಕೊಂಡೆ. ಹೋಟೆಲು ಆಮೇಲೆ. ಸಾಲು ತೀರ್ಮಾನ ಮಾಡಿದ್ದು ನಮ್ಮ ನಿದ್ದೆ. ಮೇ ತಿಂಗಳಲ್ಲಿ ಫ್ಲಾರಿಡಾ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿ ಸಂಜೆ ಏಳು ಎಂದರೆ ಇಲ್ಲಿ ಮರುದಿನ ಬೆಳಗ್ಗೆ ನಾಲ್ಕೂವರೆ. ಮೊದಲ ಮೂರು ನಾಲ್ಕು ದಿನ ಮಕ್ಕಳು ಸಂಜೆಗೇ ತೂಕಡಿಸುತ್ತಾರೆ, ನಡುರಾತ್ರಿ ದಾಟುತ್ತಿದ್ದಂತೆ ಎದ್ದು ಕೂರುತ್ತಾರೆ. ಇದನ್ನು ತಪ್ಪಿಸಲು ಆಗುವುದಿಲ್ಲ. ಹಾಗಾದರೆ ಬೇಗ ಏಳುವುದರಿಂದ ಲಾಭ ಇರುವ ಪಾರ್ಕುಗಳು ಮೊದಲು ಬರಲಿ, ರಾತ್ರಿ ಬಾಣಬಿರುಸು ನೋಡಬೇಕಾದ ಮ್ಯಾಜಿಕ್ ಕಿಂಗ್‌ಡಮ್ ಕೊನೆಗೆ ಇರಲಿ ಎಂದುಕೊಂಡೆ. ಡಿಸ್ನಿಯ ಹೋಟೆಲಿನಲ್ಲಿ ಉಳಿದವರನ್ನು ಪಾರ್ಕಿನೊಳಗೆ ದಿನಾ ಅರ್ಧ ಗಂಟೆ ಮೊದಲೇ ಬಿಡುತ್ತಾರೆ. ಕಡಿಮೆ ಬಾಡಿಗೆಯ ಹೋಟೆಲಿಗೂ ಈ ಸೌಲಭ್ಯ ಉಂಟು. ರೂಮು ಖಾಲಿ ಮಾಡುವ ದಿನವೂ ಉಂಟು. ಆ ಅರ್ಧ ಗಂಟೆಯಲ್ಲಿ ನಾವು ದೊಡ್ಡ ಕ್ಯೂ ಇರುವ ಒಂದು ರೈಡ್ ಮುಗಿಸಿಬಿಡುತ್ತಿದ್ದೆವು.

ಮೊದಲ ನಾಲ್ಕು ರಾತ್ರಿ ಆರ್ಟ್ ಆಫ್ ಅನಿಮೇಷನ್ ಎಂಬ ಹೋಟೆಲಿನಲ್ಲಿ. ಅಲ್ಲಿನ ಫ್ಯಾಮಿಲಿ ಸ್ವೀಟ್, ಅಂದರೆ ಇಡೀ ಮನೆಯವರಿಗೆ ಹಿಡಿಸುವ ದೊಡ್ಡ ರೂಮಿನಲ್ಲಿ, ಆರು ಜನ ಮಲಗಬಹುದು. ಊಟದ ಮೇಜೇ ರಾತ್ರಿ ಹಾಸಿಗೆಯಾಗುತ್ತದೆ. ಎರಡು ಬಾತ್‌ರೂಮ್ ಇದೆ. ಬೆಳಗ್ಗೆ ಐದು ಜನ ಹೊರಡುವ ಮನೆಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ನಿಮಗೇ ಗೊತ್ತು. ಸಣ್ಣ ಫ್ರಿಜ್, ಮೈಕ್ರೊವೇವ್ ಕೂಡ ಇತ್ತು. ಕುಚ್ಚಲಕ್ಕಿ ಗಂಜಿಯ ಆಸೆ ಬಿಟ್ಟು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿಯ ಅಂಗಡಿಯ ಮೊಸರು ಸೇರಿಸಿದರೆ ಬೆಳಗಿನ ತಿಂಡಿ ಆಯಿತು. ಅತ್ತೆಗೆ ಅದೇ ಸಮಾಧಾನ.

ಈ ಹೋಟೆಲು ಆರಿಸಿದ್ದಕ್ಕೆ ನಿಜವಾದ ಕಾರಣ ಸ್ಕೈಲೈನರ್. ತಂತಿಯ ಮೇಲೆ ಸಾಗುವ ಪುಟ್ಟ ಡಬ್ಬಿಗಳು, 2019ರಲ್ಲಿ ಶುರುವಾದದ್ದು. ಹೋಟೆಲಿನ ಕೆರೆಯ ಮೇಲೇ ಅದರ ಸ್ಟೇಷನ್. ಕೆರಿಬಿಯನ್ ಬೀಚ್ ಎಂಬಲ್ಲಿ ಒಮ್ಮೆ ಇಳಿದು ಹತ್ತಿದರೆ ಒಂದು ದಾರಿ ಎಪ್ಕಾಟ್‌ಗೆ, ಇನ್ನೊಂದು ಹಾಲಿವುಡ್ ಸ್ಟುಡಿಯೋಸ್‌ಗೆ. ಬಸ್ಸಿಗೆ ಕಾಯುವ ಕೆಲಸ ಇಲ್ಲ. ಡಬ್ಬಿ ನಿಲ್ಲದೆ ನಿಧಾನವಾಗಿ ಸಾಗುತ್ತಲೇ ಇರುತ್ತದೆ. ಅದನ್ನು ಕಂಡು ಅತ್ತೆ ಹಿಂಜರಿದರು. ವೀಲ್‌ಚೇರ್‌ನವರಿಗೆ, ನಡೆಯಲು ಕಷ್ಟ ಇರುವವರಿಗೆ ಡಬ್ಬಿ ಪೂರ್ತಿ ನಿಲ್ಲುವ ಬೇರೆ ಜಾಗ ಇದೆ ಎಂದು ಅಲ್ಲಿನ ಹುಡುಗಿಯೇ ಕರೆದುಕೊಂಡು ಹೋದಳು. ಎರಡನೇ ದಿನದಿಂದ ಕಿಟಕಿ ಪಕ್ಕದ ಸೀಟು ಅವರಿಗೇ ಬೇಕು! ಒಂದು ಮಾತು ನೆನಪಿಡಿ. ಸಿಡಿಲು ಮಿಂಚು ಬಂದರೆ ಸ್ಕೈಲೈನರ್ ನಿಲ್ಲಿಸುತ್ತಾರೆ. ಒಂದು ಮಧ್ಯಾಹ್ನ ನಮ್ಮ ಊರಿನ ತುಲಾಮಾಸದ ಮಳೆಯ ಹಾಗೆ ಗುಡುಗು ಶುರುವಾಯಿತು. ಆ ದಿನ ಬಸ್ಸಿನಲ್ಲಿ ಬಂದೆವು.

ಈಗ ಸಾಮಾನಿನ ವಿಷಯ. ಎಲ್ಲರೂ ಹೆದರುವುದು ಇದಕ್ಕೇ.

ನಾವು ಸಾಮಾನ್ಯವಾಗಿ ಹೇಗೆ ಪ್ಯಾಕ್ ಮಾಡುತ್ತೇವೆ? ಇದು ಅಪ್ಪನ ಪೆಟ್ಟಿಗೆ, ಇದು ಮಕ್ಕಳ ಪೆಟ್ಟಿಗೆ ಅಂತ. ನಾನು ಹೋಟೆಲಿಗೊಂದು ಸೂಟ್‌ಕೇಸು ಮಾಡಿದೆ. ಮೊದಲ ಹೋಟೆಲಿನ ನಾಲ್ಕು ದಿನಕ್ಕೆ ಐದೂ ಜನರ ಬಟ್ಟೆ ದೊಡ್ಡದರಲ್ಲಿ, ಎರಡನೆಯದಕ್ಕೆ ಒಂದು ಚಿಕ್ಕದು, ಮೂರನೆಯದಕ್ಕೆ ಮಧ್ಯಮದ್ದು. ಬಣ್ಣದ ರಿಬ್ಬನ್ ಕಟ್ಟಿ ಗುರುತು ಹಾಕಿದೆ. ಮೊದಲ ನಾಲ್ಕು ದಿನ ಉಳಿದ ಎರಡು ಪೆಟ್ಟಿಗೆಗಳ ಬೀಗವನ್ನೇ ತೆಗೆಯಲಿಲ್ಲ. ಹೋಟೆಲು ಬಿಡುವಾಗ ಮಡಚಿ ತುಂಬಬೇಕಾದದ್ದು ಒಂದೇ ಪೆಟ್ಟಿಗೆ, ಅದೂ ಒಗೆಯುವ ಬಟ್ಟೆ. ಇಪ್ಪತ್ತು ನಿಮಿಷ ಸಾಕಾಯಿತು.

ಒಂದು ಡಿಸ್ನಿ ಹೋಟೆಲಿನಿಂದ ಇನ್ನೊಂದಕ್ಕೆ ಸಾಮಾನನ್ನು ನಾವು ಹೊರಬೇಕಾಗಿಲ್ಲ. ಬೆಳಗ್ಗೆ ಬೆಲ್ ಸರ್ವಿಸ್‌ನವರ, ಅಂದರೆ ಸಾಮಾನು ನೋಡಿಕೊಳ್ಳುವ ಹೋಟೆಲಿನ ಸಿಬ್ಬಂದಿಯ, ಹತ್ತಿರ ಕೊಟ್ಟು, ಮುಂದಿನ ಹೋಟೆಲಿನ ಹೆಸರು ಬರೆಸಿ ಚೀಟಿ ತೆಗೆದುಕೊಂಡರೆ ಆಯಿತು. ಅದಕ್ಕೆ ಚಾರ್ಜ್ ಇಲ್ಲ. ಟಿಪ್ಸ್ ಕೊಡುವುದು ಅಲ್ಲಿನ ರೂಢಿ. ಮಧ್ಯಾಹ್ನದ ಮೇಲೆ ಪೆಟ್ಟಿಗೆಗಳು ಹೊಸ ಹೋಟೆಲಿಗೆ ಬಂದಿರುತ್ತವೆ. ಹಾಳಾಗುವ ತಿನಿಸು ಮಾತ್ರ ಕಳಿಸಲು ಆಗುವುದಿಲ್ಲ. ಉಳಿದ ಮೊಸರನ್ನು ಹಿಂದಿನ ರಾತ್ರಿಯೇ ಮುಗಿಸಿದೆವು.

ಮೊದಲ ಸಲ ಸಾಮಾನು ಕಳಿಸಿದಾಗ ನಾನು ಒಂದು ತಪ್ಪು ಮಾಡಿದೆ. ಅತ್ತೆಯ ಶುಗರ್ ಗುಳಿಗೆಯ ಡಬ್ಬಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟೆ. ಗೊತ್ತಾದದ್ದು ಪಾರ್ಕಿನ ನಡುವೆ, ಹನ್ನೆರಡೂವರೆಗೆ. ಗುಳಿಗೆ ಇಲ್ಲದೆ ಊಟ ಮಾಡಲು ಅವರಿಗೆ ಧೈರ್ಯ ಇಲ್ಲ. ಮಕ್ಕಳನ್ನು ಗಂಡನ ಜೊತೆ ಬಿಟ್ಟು ನಾವಿಬ್ಬರು ಹೊಸ ಹೋಟೆಲಿಗೆ ಬಂದೆವು. ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಮೂರು ಗಂಟೆಯ ತನಕ ಲಾಬಿಯಲ್ಲಿ ಕೂತೆವು. ಅವರು ಒಂದು ಮಾತೂ ಆಡಲಿಲ್ಲ, ನನಗೆ ಮಾತ್ರ ಹೊಟ್ಟೆ ಕಲಕಿದ ಹಾಗೆ ಆಗಿತ್ತು. ಗುಳಿಗೆ, ಪಾಸ್‌ಪೋರ್ಟ್, ಚಾರ್ಜರ್, ಮಕ್ಕಳಿಗೆ ಒಂದೊಂದು ಜೊತೆ ಬಟ್ಟೆ ಇವಿಷ್ಟು ಹೆಗಲ ಚೀಲದಲ್ಲೇ ಇರಬೇಕು. ಎರಡನೇ ಸಲ ಚೀಲ ತೆರೆದು ಒಂದೊಂದಾಗಿ ಮುಟ್ಟಿ ನೋಡಿ ಆಮೇಲೆ ಪೆಟ್ಟಿಗೆ ಕೊಟ್ಟೆ.

ಹೋಟೆಲಿನಿಂದ ಹೋಟೆಲಿಗೆ ನೇರ ಬಸ್ ಇಲ್ಲ. ಅದಕ್ಕೆ ಪಾರ್ಕನ್ನೇ ನಡುವಿನ ಕಡವು ಮಾಡಿಕೊಂಡೆ. ಮೊದಲ ಹೋಟೆಲಿನಿಂದ ಬಸ್ಸಿನಲ್ಲಿ ಅನಿಮಲ್ ಕಿಂಗ್‌ಡಮ್ ಪಾರ್ಕಿಗೆ, ದಿನ ಮುಗಿಸಿ ಅಲ್ಲಿಂದಲೇ ಎರಡನೇ ಹೋಟೆಲಾದ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ಗೆ. ಮರುದಿನ ಲಾಡ್ಜ್‌ನಿಂದ ಮ್ಯಾಜಿಕ್ ಕಿಂಗ್‌ಡಮ್‌ಗೆ ಬಸ್ಸು, ಸಂಜೆ ಅಲ್ಲಿಂದ ಒಂದೇ ಹಳಿಯ ಮೇಲೆ ಓಡುವ ಮೊನೊರೈಲಿನಲ್ಲಿ ಮೂರನೇ ಹೋಟೆಲಾದ ಪಾಲಿನೇಷಿಯನ್‌ಗೆ. ಬೆಳಗ್ಗೆ 11ಕ್ಕೆ ಹಳೆ ರೂಮು ಬಿಡಬೇಕು, ಹೊಸ ರೂಮು ಸಿಗುವುದು ಮಧ್ಯಾಹ್ನ 3ಕ್ಕೆ. ನಡುವಿನ ಹೊತ್ತು ಪಾರ್ಕಿನಲ್ಲಿ ಕಳೆದದ್ದರಿಂದ ವ್ಯರ್ಥ ಆಗಲಿಲ್ಲ.

ಲಾಡ್ಜ್‌ನಲ್ಲಿ ಒಂದೇ ರಾತ್ರಿ ಇಟ್ಟದ್ದಕ್ಕೆ ಈಗಲೂ ಬೇಸರ ಇದೆ. ಅಲ್ಲಿನ ಸಾಮಾನ್ಯ ರೂಮಿನಲ್ಲಿ ನಾಲ್ಕೇ ಜನ, ಹಾಗಾಗಿ ಎರಡು ರೂಮು ಬೇಕಾಯಿತು. ದುಡ್ಡು ಉಳಿಸಲು ಒಂದನ್ನು ಮಾತ್ರ ಹೋಟೆಲಿನವರು ಪ್ರಾಣಿಗಳನ್ನು ಬಿಟ್ಟಿರುವ ಬಯಲಿನ ಕಡೆ ತೆಗೆದುಕೊಂಡೆ. ಎರಡೂ ರೂಮು ದೂರ ದೂರ ಬಂದವು. ಅಲ್ಲಿಯ ಕಾರಿಡಾರುಗಳು ತುಂಬಾ ಉದ್ದ, ಅತ್ತೆಗೆ ಅದೇ ದೊಡ್ಡ ನಡಿಗೆಯಾಯಿತು. ಆದರೆ ಬೆಳಗ್ಗೆ ಬಾಲ್ಕನಿಯ ಮುಂದೆ ಜಿರಾಫೆ ಬಂದು ನಿಂತಿತ್ತು. ಮಗ ಉಸಿರು ಬಿಡದೆ ನೋಡುತ್ತಿದ್ದ. ಅತ್ತೆ ಅವನ ಹೆಗಲ ಮೇಲೆ ಕೈ ಇಟ್ಟು ನಿಂತರು. ಇನ್ನೊಂದು ಬೆಳಗು ಅಲ್ಲಿ ಸಿಗಬೇಕಿತ್ತು. ಅಷ್ಟು ದುಡ್ಡು ಕೊಟ್ಟು ಅಲ್ಲಿ ಉಳಿಯುವುದು ಬೇಡ ಎನ್ನುವವರು ಪಕ್ಕದ ಕಿಡಾನಿ ವಿಲೇಜ್‌ನ ಸನಾ ಎಂಬ ಊಟದ ಹೋಟೆಲಿಗೆ ಹೋಗಿ. ಕಿಟಕಿಯಲ್ಲೇ ಪ್ರಾಣಿಗಳು ಕಾಣುತ್ತವೆ, ಬಗೆಬಗೆಯ ರೊಟ್ಟಿಗೆ ಒಂಬತ್ತು ತರಹ ಚಟ್ನಿ, ಉಪ್ಪಿನಕಾಯಿಯಂಥ ನೆಂಚಿಕೊಳ್ಳುವವು ಕೊಡುತ್ತಾರೆ. ನಮ್ಮಂಥ ಸಸ್ಯಾಹಾರಿಗಳಿಗೆ ಆ ಊರಿನಲ್ಲಿ ಅಷ್ಟು ಸಂತೋಷದ ಊಟ ಇನ್ನೆಲ್ಲೂ ಆಗಲಿಲ್ಲ. 60 ದಿನ ಮೊದಲೇ ಬುಕ್ ಮಾಡಬಹುದು, ಮಾಡಿಬಿಡಿ.

ದುಡ್ಡಿನ ಎರಡು ವಿಷಯ ಹೇಳಲೇಬೇಕು. ಪಾರ್ಕಿನ ಟಿಕೆಟನ್ನು ಹೋಟೆಲಿನ ಜೊತೆ ಸೇರಿಸಿ ತೆಗೆದುಕೊಂಡರೆ ಪ್ರತಿ ಹೋಟೆಲಿಗೂ ಬೇರೆ ಬೇರೆ ಚಿಕ್ಕ ಟಿಕೆಟು ಆಗುತ್ತದೆ. ದಿನ ಜಾಸ್ತಿಯಾದಷ್ಟೂ ದಿನವೊಂದಕ್ಕೆ ಬೀಳುವ ಬೆಲೆ ಕಡಿಮೆ. ಅದಕ್ಕೆ ರೂಮು ಬೇರೆ ಬುಕ್ ಮಾಡಿ, ಟಿಕೆಟು ಮಾತ್ರ ಎಲ್ಲಾ ದಿನಕ್ಕೂ ಸೇರಿಸಿ ಒಂದೇ ತೆಗೆದುಕೊಂಡೆ. ಇನ್ನೊಂದು, ಮೂರು ಬುಕಿಂಗ್ ಎಂದರೆ ಮೂರು ಕಡೆಯೂ ಮೊದಲ ರಾತ್ರಿಯ ಬಾಡಿಗೆ ಮುಂಗಡ ಕಟ್ಟಬೇಕು. ಬಾಡಿಗೆಯ ಮೇಲೆ ಶೇಕಡಾ 12.5 ತೆರಿಗೆ ಬೇರೆ. ಶುಕ್ರವಾರ, ಶನಿವಾರದ ಬಾಡಿಗೆ ಸಾಮಾನ್ಯವಾಗಿ ಜಾಸ್ತಿ. ದುಬಾರಿ ಹೋಟೆಲನ್ನು ವಾರದ ನಡುವೆ ಬರುವ ಹಾಗೆ ನೋಡಿಕೊಂಡೆ.

ಕೊನೆಯ ಮೂರು ರಾತ್ರಿ ಪಾಲಿನೇಷಿಯನ್. ಒಂದೇ ರೂಮಿನಲ್ಲಿ ಐದು ಜನ ಹಿಡಿಸುತ್ತದೆ, ಹೋಟೆಲಿನೊಳಗೇ ಮೊನೊರೈಲು ಸ್ಟೇಷನ್. ಮಕ್ಕಳು ಅಪ್ಪನ ಜೊತೆ ರಾತ್ರಿ ಪಾರ್ಕಿನಲ್ಲಿ ಉಳಿದರೆ ನಾನು ಅತ್ತೆಯನ್ನು ಕರೆದುಕೊಂಡು ಬೇಗ ಬಂದುಬಿಡುತ್ತಿದ್ದೆ. ಹೋಟೆಲಿನ ಮುಂದೆ ಮರಳಿನ ದಂಡೆ, ಎದುರಿಗೆ ಕೆರೆ, ಆಚೆ ದಡದಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆ. ಬಾಣಬಿರುಸು ಅಲ್ಲಿಂದಲೇ ಕಾಣುತ್ತದೆ, ಸಂಗೀತವನ್ನೂ ದಂಡೆಯಲ್ಲಿ ಕೇಳಿಸುತ್ತಾರೆ. ಅತ್ತೆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಡೋಲ್ ವಿಪ್ ಎಂಬ ಅನಾನಸಿನ ಐಸ್‌ಕ್ರೀಮಿನಂಥ ಸಿಹಿ ತಿಂದರು. ನಾನು ನೋಡಬಾರದು ಎನ್ನುವ ಹಾಗೆ ಮುಖ ಆ ಕಡೆ ಮಾಡಿಕೊಂಡರು. ಆ ದಿನ ನಾನು ಏನೂ ಹೇಳಲಿಲ್ಲ.

ಹೊರಡುವ ದಿನ ವಿಮಾನ ರಾತ್ರಿಗೆ. 11ಕ್ಕೆ ರೂಮು ಬಿಟ್ಟು ಪೆಟ್ಟಿಗೆಗಳನ್ನು ಬೆಲ್ ಸರ್ವಿಸ್‌ಗೆ ಕೊಟ್ಟೆವು. ಮಕ್ಕಳು ಈಜುಕೊಳಕ್ಕೆ ಓಡಿದರು. "ಆ ರೈಲಿಗೆ ಟಿಕೆಟು ಬೇಡ ಅಲ್ವಾ? ಒಂದು ಸುತ್ತು ಸುಮ್ನೆ ಹೋಗಿ ಬರೋಣವಾ?" ಎಂದು ಅತ್ತೆ ಕೇಳಿದರು. ಇಬ್ಬರೂ ಹತ್ತಿದೆವು. ಎರಡು ಸುತ್ತು ಹೋಗಿ ಬಂದೆವು.